ಮುಧೋಳದಿಂದ ಬಂದ ಛರ್ರಾ ಬಂದೂಕು

ಶಿವನ ದಯದಿಂದ ನಮ್ಮ ಮನೆಯಲ್ಲಿ ಊಟಕ್ಕೂ ನಗೆಗೂ ಎಂದೂ ಕೊರತೆಯಾಗಿಲ್ಲ. ಊಟಕ್ಕೆ ದುಡಿಯಬೇಕಾಗುತ್ತಿತ್ತು, ನಗೆ ಮಾತ್ರ ತಾನೇ ನಡೆದು ಬರುತ್ತಿತ್ತು. ಛರ್ರಾ ಬಂದೂಕು ಮನೆ ಹೊಕ್ಕ ವರ್ಷವಂತೂ ನಗೆ ಬಂದು ನಮ್ಮಲ್ಲೇ ಬೀಡುಬಿಟ್ಟಿತು.

೧. ಎರಡು ಕರಾರು

ನಾನು ಹುನ್ನೂರ ಸಾಲಿಯಲ್ಲಿ ಕಲಿತವನು. ಬನಹಟ್ಟಿಯ ಒಂದು ನೂಲಿನ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ರವಿವಾರ ಅಂಗಡಿ ಬಂದ್. ಪೂಜೆ ಮುಗಿಸಿ, ಅಡಿಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು, ಒಗ್ಗರಣೆಗೆ ಸಾಸಿವೆ ಎಷ್ಟಿರಬೇಕು, ಬೇಳೆ ಎಷ್ಟು ಬೇಯಬೇಕು ಎಂದು ಹೆಂಡತಿಗೆ ಸಮಾಧಾನದಿಂದ ತಿಳಿಸಿ ಹೇಳುವುದು ನನ್ನ ರೂಢಿ. ಆಕೆ ತಲೆ ಎತ್ತದೆ ಒಗ್ಗರಣೆ ಹಾಕುತ್ತಿದ್ದಳು.

ಆಕೆಯ ಅಣ್ಣ ಮುಧೋಳದವರು. ಒಮ್ಮೆ ಬರುವಾಗ ಗಾಳಿ ಬಂದೂಕು ತಂದರು. ನಳಿಗೆಯನ್ನು ನಡುವೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಬಿಗಿಯಾಗುತ್ತದೆ. ಸೀಸದ ಸಣ್ಣ ಗುಂಡು, ಅದೇ ಛರ್ರಾ, ಇಟ್ಟು ಟ್ರಿಗರ್ ಎಳೆದರೆ ಗಾಳಿಯೇ ಅದನ್ನು ದಬ್ಬುತ್ತದೆ. ಮದ್ದಿಲ್ಲ, ಬೆಂಕಿಯಿಲ್ಲ. ಹಿತ್ತಲ ಗೋಡೆಯ ಮೇಲೆ ನೂಲು ತೀರಿದ ಕಾಗದದ ಕೋನು ಇಟ್ಟು ಹೊಡೆದೆ. ಬಿತ್ತು. ನನ್ನ ವಯಸ್ಸಿಗೆ ಅಷ್ಟು ಸಂತೋಷ ಶೋಭಿಸುವಂಥದ್ದಲ್ಲ, ಆದರೆ ಆಯಿತು.

“ಇಟ್ಕೋರಿ ಅಳ್ಯಾರ,” ಅಂದರು ಭಾವ. “ರೊಟ್ಟಿ ಪಂಚಮಿಗೆ ಮುಧೋಳಕ್ಕ ಬರ್ರಿ. ನನ್ನ ಹಿತ್ತಲದಾಗ ನನಗಿಂತ ಒಂದಾರ ಕೋನು ಹೆಚ್ಚಿಗಿ ಕೆಡವಿದ್ರ ಬಂದೂಕು ನಿಮ್ಮದು. ಇಲ್ಲಾಂದ್ರ ನನ್ನ ಮನಿಗಿ ವಾಪಸ್.”

ಹೆಂಡತಿಯದು ಇನ್ನೊಂದು ಕರಾರು. “ಗುಬ್ಬಿ, ಪಾರಿವಾಳದ ತಂಟೇಕ ಹೋಗಂಗಿಲ್ರಿ. ಜೀವ ಇಲ್ಲದ್ದಕ್ಕಷ್ಟ ಹೊಡೀರಿ.”

ಒಪ್ಪಿಕೊಂಡು ಮುಂದಿನ ಛರ್ರಾ ಬಿಟ್ಟೆ. ಅದು ಕೋನು ಬಿಟ್ಟು, ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಹೊಸ ಧೋತರಕ್ಕೆ ತೂತು ಹಾಕಿತು.

ಹೆಂಡತಿ ಬೆರಳು ತೂರಿಸಿ ನೋಡಿದಳು. “ಜೀವ ಇಲ್ಲ. ಹೊಡೀರಿ,” ಅಂದಳು.

೨. ಒಂದು ಚಮಚ ಎಣ್ಣೆ

ಬನಹಟ್ಟಿಯಂಥ ಮಗ್ಗದ ಊರಲ್ಲಿ ಏನೇ ಕಿರುಗುಟ್ಟಲಿ, ಮೊದಲು ಎಣ್ಣೆ ಬಿಡುತ್ತಾರೆ, ಆಮೇಲೆ ಕಾರಣ ಕೇಳುತ್ತಾರೆ. ಬಂದೂಕಿನ ಸ್ಪ್ರಿಂಗು ಕಿರ್ ಅನ್ನತೊಡಗಿದಾಗ ಹೆಂಡತಿ ನನ್ನ ಮೇಲಿನ ಕನಿಕರದಿಂದ ನಳಿಗೆಯೊಳಗೆ ಒಂದು ಚಮಚ ಶೇಂಗಾ ಎಣ್ಣೆ ಬಿಟ್ಟಳು. ನನಗೆ ಹೇಳಲು ಮರೆತಳು.

ರವಿವಾರ ಬಗ್ಗಿಸಿ ಹೊಡೆದೆ. ದಿನಾ ‘ಟಪ್’ ಅನ್ನುವುದು ಅವತ್ತು ‘ಢಂ’ ಅಂದಿತು. ಒಳಗೆ ಒತ್ತಿದ ಗಾಳಿಯ ಕಾವಿಗೆ ಎಣ್ಣೆ ಹೊತ್ತಿಕೊಂಡು ನಳಿಗೆಯಿಂದ ಹೊಗೆ ಬಂತು. ಪಕ್ಕದ ಮನೆಯ ಮಗ್ಗದ ಸಾಹುಕಾರರು ಓಡಿ ಬಂದರು. ಬಂದವರು ಮೂಗು ಮೇಲೆತ್ತಿ ನಿಂತರು.

“ಬಂದೂಕು ಹಾರಿದ ಸಪ್ಪಳ ಕೇಳಿ ಬಂದ್ನಿ. ಇಲ್ಲಿ ನೋಡಿದ್ರ ಭಜಿ ಕರಿಯೂ ವಾಸನಿ ಬರಾಕತ್ತೈತಿ.”

“ಏನಿಲ್ರಿ, ಎಣ್ಣಿ ಸುಟ್ಟೈತಿ,” ಅಂದೆ.

“ಇರ್ಲಿ ಬಿಡ್ರಿ,” ಎಂದು ಅವರು ಕಟ್ಟೆಯ ಮೇಲೆ ಕೂತರು. “ಎಣ್ಣಿ ಕಾದೈತಿ ಅಂದಮ್ಯಾಲ ತಿಂದೇ ಹೋಗ್ತೀನಿ.”

ಹೆಂಡತಿ ಉಳ್ಳಾಗಡ್ಡಿ ಹೆಚ್ಚಲು ಒಳಗೆ ಹೋದಳು.

೩. ಅಮಾಸಿಯ ಕಾಟ

ದಿನ ಕಳೆದಂತೆ ಗುರಿ ಕುದುರಿತು. ಉಸಿರು ಬಿಟ್ಟು, ಮನಸ್ಸಿನಲ್ಲಿ ‘ನಮಃ ಶಿವಾಯ’ ಅಂದು, ಮೆಲ್ಲಗೆ ಬೆರಳು ಎಳೆಯುತ್ತಿದ್ದೆ. ಕೋನು ಬೀಳುತ್ತಿತ್ತು. ಎಲ್ಲ ಪಂಚಾಕ್ಷರಿಯ ಮಹಿಮೆ ಎಂದುಕೊಂಡಿದ್ದೆ.

ಆದರೆ ಅಮಾಸಿ ದಿನ ಒಂದೂ ಬೀಳಲಿಲ್ಲ. ಮುಂದಿನ ಅಮಾಸಿಗೂ ಅದೇ ಕಥೆ. ಏನೋ ಕಾಟವಿರಬೇಕು ಎಂದು ಬಂದೂಕಿಗೆ ವಿಭೂತಿ ಹಚ್ಚಿ ಕಾಯಿ ಒಡೆದೆ. ಮೂರನೆಯ ಅಮಾಸಿಗೂ ಗೋಡೆಗೇ ಪೆಟ್ಟು ಬಿತ್ತು.

ಆಮೇಲೊಂದು ರವಿವಾರ ಚೆನ್ನಾಗಿಯೇ ಹೊಡೆಯುತ್ತಿದ್ದೆ. ನಡುವೆ ಕರೆಂಟು ಹೋಯಿತು. ಪಕ್ಕದ ಮನೆಯ ಮಗ್ಗಗಳು ನಿಂತವು. ನನ್ನ ಛರ್ರಾ ಬೇವಿನ ಗಿಡಕ್ಕೆ ಹೋಯಿತು, ಇನ್ನೊಂದು ಅದರ ಹಿಂದೆಯೇ ಹೋಯಿತು. ಕರೆಂಟು ಬಂತು, ಮಗ್ಗ ಖಟಕ್ ಖಟಕ್ ಅಂದವು, ಕೋನು ಬಿತ್ತು.

ಜೋಳ ಹಸನು ಮಾಡುತ್ತಿದ್ದ ಹೆಂಡತಿ ಮೊರ ಕೆಳಗಿಟ್ಟಳು. “ಅಮಾಸಿ ದಿನ ನೇಕಾರರು ಮಗ್ಗ ನಡಸಂಗಿಲ್ಲಲ್ರಿ. ನಿಮ್ಮ ಬೆರಳು ಮಗ್ಗದ ಸಪ್ಪಳಕ್ಕ ಹೊಂದೈತಿ.”

“ನಾ ಶಿವನ ನೆನಸೇ ಹೊಡೀತೀನಿ,” ಅಂದೆ.

“ನೆನೀರಿ, ಬ್ಯಾಡನ್ನಂಗಿಲ್ಲ. ಆದ್ರ ನಿಮ್ಮ ಗುರಿ ಕರೆಂಟಿನವರ ಕೈಯಾಗ ಐತಿ.”

೪. ರೊಟ್ಟಿ ಪಂಚಮಿ

ನಾಗರ ಪಂಚಮಿಯ ಹಿಂದಿನ ದಿನ, ಮನೆಮನೆಗೂ ರೊಟ್ಟಿ ಹಂಚುವ ಹಬ್ಬಕ್ಕೆ, ಇಬ್ಬರೂ ಮುಧೋಳಕ್ಕೆ ಹೋದೆವು. ಭಾವನ ಹಿತ್ತಲ ಆಚೆ ಬರೀ ಕಬ್ಬು. ಮಗ್ಗವಿಲ್ಲ, ಸಪ್ಪಳವಿಲ್ಲ. ನಾನು ಆಗಲೇ ಮನಸ್ಸಿನಲ್ಲಿ ಬಂದೂಕಿಗೆ ಕೈ ಮುಗಿದುಬಿಟ್ಟಿದ್ದೆ.

ಒಬ್ಬೊಬ್ಬರಿಗೆ ಹತ್ತು ಕೋನು. ಭಾವ ಏಳು ಕೆಡವಿದರು. ನನ್ನ ಮೊದಲ ಪೆಟ್ಟು ತಪ್ಪಿತು. ಎರಡನೆಯದೂ ತಪ್ಪಿತು. ಬಂದೂಕು ಉಳಿಯಬೇಕೆಂದರೆ ಇನ್ನು ಎಂಟಕ್ಕೆ ಎಂಟೂ ಬೀಳಬೇಕು. ಕಟ್ಟೆಯ ಮೇಲೆ ಕೂತಿದ್ದ ಹೆಂಡತಿ ಎದ್ದು ಒಳಗೆ ಹೋದಳು. ನೋಡಲಾರದೆ ಹೋದಳೆಂದುಕೊಂಡೆ.

ಅಡಿಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು. ಟಪ್ ಟಪ್, ಟಪ್ ಟಪ್. ಬನಹಟ್ಟಿಯ ಮಗ್ಗದ ನಡೆಯೇ. ಉಸಿರು ಬಿಟ್ಟೆ, ಶಿವನನ್ನು ನೆನೆದೆ, ಬೆರಳು ತಾನೇ ಎಳೆಯಿತು. ಕೋನು ಬಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು.

ಭಾವ ಶಾಣ್ಯಾ ಮನುಷ್ಯ. ಸಪ್ಪಳಕ್ಕೂ ಕೋನಿಗೂ ಇರುವ ನಂಟು ಅವರಿಗೆ ತಿಳಿಯಿತು. ಒಳಗೆ ಹಣಿಕಿ ಹಾಕಿದರು.

“ತಂಗೀ, ರೊಟ್ಟಿ ಸಾಕವಾ. ಇನ್ನ ಅನ್ನಕ್ಕಿಡು.”

“ರೊಟ್ಟಿ ಪಂಚಮಿ ದಿನ ಅನ್ನಕ್ಕಿಡು ಅಂತಿಯಲ್ಲ ಅಣ್ಣಾ? ಓಣಿ ಮನಿಮನಿಗೂ ಬೀರಬೇಕು.”

ಸಪ್ಪಳ ನಿಲ್ಲಲಿಲ್ಲ. ಕಡೆಯ ಕೋನು ಬಿದ್ದಾಗ ನಾನು ಬಂದೂಕನ್ನು ಕೂಸಿನಂತೆ ಎದೆಗೊತ್ತಿಕೊಂಡೆ.

ಭಾವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಬಂದರು. “ಹಿಟ್ಟು ಆಗಳೇ ತೀರಿತ್ರಿ. ಕಡೀಕ ಬರೇ ರೊಟ್ಟಿ ಬಡಿಯೂ ಕಲ್ಲ ಬಡಿಯಾಕತ್ತಿದ್ಲು.”

ಹೆಂಡತಿ ಕೆಂಪಾದ ಅಂಗೈಗೆ ಉಫ್ ಎಂದು ಊದುತ್ತ ಬಾಗಿಲಿಗೆ ಬಂದಳು. ನನ್ನ ಕಣ್ಣು ತುಂಬಿದವು.

“ಗಂಡನ ಮ್ಯಾಲ ಭಾಳ ಅಭಿಮಾನ ಐತಿ ಬಿಡವಾ ತಂಗಿ,” ಅಂದರು ಭಾವ.

“ಅಭಿಮಾನದ ಮಾತಲ್ಲೋ ಅಣ್ಣಾ,” ಅಂದಳು. “ಬಂದೂಕು ಇಲ್ಲೇ ಉಳದ್ರ ಇವರು ತಿರಗಿ ನನ್ನ ಅಡಿಗಿಮನಿ ಬಾಗಲದಾಗ ಮಣಿ ಹಾಕ್ಕೊಂಡು ಕುಂದರ್ತಾರ.”