ನಾಳೆ ಹತ್ತಕ್ಕ ಮಣ್ಣು

ಮದುವೆಗೆ ಮುಂದೆ ನಿಂತು ಓಡಾಡುವವರನ್ನು ನಾವೇ ಆರಿಸಿಕೊಳ್ಳುತ್ತೇವೆ. ಹುಗ್ಗಿಯಲ್ಲಿ ಬೆಲ್ಲ ಕಡಿಮೆಯಾದರೆ ಮರುದಿನ ಅವರನ್ನು ಕೂರಿಸಿಕೊಂಡು ಬೈಯುತ್ತೇವೆ. ಆದರೆ ನಮ್ಮ ಮಣ್ಣಿಗೆ ಮುಂದೆ ನಿಲ್ಲುವವರನ್ನು ಆರಿಸುವ ಪದ್ಧತಿಯೇ ಇಲ್ಲ. ಕೆಲಸ ಕೆಟ್ಟರೆ ಬೈಯುವ ಸೌಲಭ್ಯವಂತೂ ಇಲ್ಲವೇ ಇಲ್ಲ. ಗದಗ ಸೀಮೆಯಲ್ಲಿ ಶವಸಂಸ್ಕಾರಕ್ಕೆ ‘ಮಣ್ಣು’ ಎಂದೇ ಹೆಸರು. ‘ಅಂತ್ಯಕ್ರಿಯೆ’ ಪತ್ರಿಕೆಯವರ ಮಾತು. ಸಾವಿನ ಸುದ್ದಿ ಬಂದರೆ ನಮ್ಮ ಜನ ಮೊದಲು ಕೇಳುವುದು, “ಮಣ್ಣು ಎಷ್ಟಕ್ಕರೀ?” ಎಂದು. ಬಸ್ ಎಷ್ಟಕ್ಕೆ ಎಂದು ಕೇಳುವ ಧಾಟಿಯೇ.

ಆ ಧಾಟಿ ನನಗೆ ಚೆನ್ನಾಗಿ ಗೊತ್ತು. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ನಿವೃತ್ತನಾದವನು ನಾನು. ನಾನು ಕೂಗಿದ ಹೊತ್ತಿಗೆ ಬಸ್ಸು ಹೊರಡುತ್ತಿರಲಿಲ್ಲ ಎಂಬುದು ಬೇರೆ ಮಾತು. ನಾನು ಕೂಗುತ್ತಿದ್ದುದಂತೂ ಸರಿಯಾದ ಹೊತ್ತಿಗೇ. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕಾಲು ಮಡಚಿ ಕೂರಿಸಿ ಮಣ್ಣು ಮಾಡುತ್ತಾರೆ. ಬೇಗ ಕೂರಿಸದಿದ್ದರೆ ದೇಹ ಸೆಟೆಯುತ್ತದೆ. ನನ್ನ ಬಲಗಾಲಿನ ಮೊಣಕಾಲು ಬದುಕಿರುವಾಗಲೇ ಮಡಚಿಕೊಳ್ಳುವುದಿಲ್ಲ, ಸತ್ತಮೇಲೆ ನನ್ನ ಮಾತು ಕೇಳುತ್ತದೆಯೇ? ಹೊತ್ತಿಗೆ ಸರಿಯಾಗಿ ಬಂದು ಮುಂದೆ ನಿಲ್ಲುವವನೊಬ್ಬ ನನಗೆ ತುರ್ತಾಗಿ ಬೇಕಾಗಿದ್ದ.

ಹೆಂಡತಿ ನೀಲವ್ವನ ಮುಂದೆ ಹೇಳಿಕೊಂಡೆ. “ಸತ್ತ ಮ್ಯಾಲೂ ಟೈಮ್ ಟೇಬಲ್ ಬಿಡೂದಿಲ್ಲೇನ್ರೀ?” ಎಂದಳು. ನಮಗೆ ಗಂಡುಮಕ್ಕಳಿಲ್ಲ. ಮುಂಡರಗಿಯ ಅಳಿಯ ದೇವರಂಥವನು, ಆದರೆ ಹತ್ತು ಜನರನ್ನು ಕೇಳದೆ ಚಪ್ಪಲಿಯನ್ನೂ ಕೊಳ್ಳುವುದಿಲ್ಲ. ಗುಂಡಿ ಎಲ್ಲಿ ತೋಡಿಸಬೇಕೆಂದು ಅವನು ಓಣಿ ಓಣಿ ವಿಚಾರಿಸಿ ಬರುವಷ್ಟರಲ್ಲಿ ನಾನು ಸೆಟೆದುಹೋಗಿರುತ್ತೇನೆ. ಉಳಿದವನು ಲಕ್ಷ್ಮೇಶ್ವರದಲ್ಲಿರುವ ಈರಣ್ಣ, ನೀಲವ್ವನ ತಮ್ಮ. ತನ್ನ ಮದುವೆಯ ಅಕ್ಷತೆಗೇ ತಡವಾಗಿ ಬಂದ ಮಹಾಪುರುಷ. ಅವನನ್ನು ನಾನು ಮೊದಲ ಸುತ್ತಿನಲ್ಲೇ ಕೈಬಿಟ್ಟಿದ್ದೆ.

ಈ ಚಿಂತೆಯ ನಡುವೆ ಇನ್ನೊಂದು ಮಣ್ಣಿನ ಕಾಟ. ಬೆಟಗೇರಿಯ ನಮ್ಮ ಹಿತ್ತಲಿನ ಎರೆಮಣ್ಣಿನಲ್ಲಿ ಮಲ್ಲಿಗೆ ಹತ್ತುವುದಿಲ್ಲ, ಕೆಂಪು ಮಸಾರಿ ಮಣ್ಣು ಹಾಕಿಸಿ ಎಂದು ನೀಲವ್ವ ವರ್ಷಗಳಿಂದ ಗೋಗರೆಯುತ್ತಿದ್ದಳು. ಕಡೆಗೆ ನಾಗಾವಿ ಕಡೆಯಿಂದ ಒಂದು ಟ್ರ್ಯಾಕ್ಟರ್ ಮಣ್ಣು ಹೇಳಿದೆ. ಅದೇ ಸಂಜೆ ಈರಣ್ಣನ ಫೋನು ಬಂತು.

“ಮಾಮಾ, ನಾಳೆ ಗದಗಕ್ಕ ಬರಾಕತ್ತೀನಿ. ಊಟಕ್ಕ ಮನಿಗೆ ಬರ್ಲೇನು?”

“ನಾಳೆ ಬ್ಯಾಡೋ. ಹತ್ತಕ್ಕ ಮಣ್ಣು ಐತಿ.”

“ಮಣ್ಣ? ಯಾರದು ಮಾಮಾ?”

“ಇನ್ಯಾರದು, ನಿಮ್ಮ ಅಕ್ಕಂದು. ಎಷ್ಟ ವರ್ಷ ನನ್ನ ತಲಿ ತಿಂದ್ಲು! ನಾಳೆಗೆ ಎಲ್ಲಾ ಮುಗದ ಹೋಗತೈತಿ.”

ಅತ್ತ ಕಡೆ ಸದ್ದೇ ನಿಂತುಹೋಯಿತು. ರೇಂಜ್ ಹೋಗಿರಬೇಕೆಂದುಕೊಂಡು, ನನ್ನ ರೂಢಿಯಂತೆ ಫೋನ್ ಆಫ್ ಮಾಡಿ ಮಲಗಿದೆ. ಅವನು ಅಕ್ಕನಿಗಾದರೂ ಮಾಡಬಹುದಿತ್ತು ಎನ್ನುತ್ತೀರಿ. ಸತ್ತವರಿಗೆ ಯಾರಾದರೂ ಫೋನ್ ಮಾಡುತ್ತಾರೆಯೇ?

ಬೆಳಗ್ಗೆ ನೀಲವ್ವ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಾಗ ಬಾಗಿಲಿಗೆ ಒಂದು ಟೆಂಪೋ ಬಂದು ನಿಂತಿತು. ಅದರಲ್ಲಿ ಬಾಳೆಕಂಬ, ಚೆಂಡುಹೂವಿನ ಮಾಲೆ, ವಿಭೂತಿ, ಗುದ್ದಲಿ ಮತ್ತು ತಾಳ ಹಿಡಿದ ಭಜನೆಯವರು. ಮುಂದಿನ ಸೀಟಿನಿಂದ ಈರಣ್ಣ ಅಳುತ್ತಲೇ ಇಳಿದ. ಅಕ್ಕ ಕೈಯಲ್ಲಿ ಕೊಡ ಹಿಡಿದು ನಿಂತದ್ದನ್ನು ಕಂಡವನೇ ಒದ್ದೆ ನೆಲದ ಮೇಲೆ ಕುಸಿದು ಕೂತ.

“ಎಪ್ಪಾ, ಇಷ್ಟ ಜಲ್ದಿ ಹೆಂಗ ಎದ್ದ್ಯೋ ನೀನು?” ಎಂದಳು ನೀಲವ್ವ.

“ನೀ ಸತ್ತೀ ಅಂತ ಮಾಮಾ ಹೇಳಿದ್ರಲ್ಲಬೇ.”

ಎಲ್ಲರೂ ನನ್ನತ್ತ ನೋಡಿದರು. ಮಣ್ಣು ಎಂಬ ಶಬ್ದದ ನಾನಾರ್ಥಗಳನ್ನು ವಿವರಿಸಲು ಹೊರಟೆ, ಭಜನೆಯವರಿಗೆ ಆಸಕ್ತಿ ಇದ್ದಂತೆ ಕಾಣಲಿಲ್ಲ. ವಿಷಯ ತಿಳಿದ ನೀಲವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಟೆಂಪೋ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಎಲ್ಲವನ್ನೂ ಪರೀಕ್ಷಿಸಿದಳು. “ಮಲ್ಲಿಗಿ ತಂದಿಲ್ಲಲ್ಲೋ?”

“ಇಷ್ಟ ನಸುಕಿನ್ಯಾಗ ಸಿಗಲಿಲ್ಲಕ್ಕಾ.”

“ಇರ್ಲಿ, ಖರೆ ಹೋದಾಗ ಮರೀಬ್ಯಾಡ.”

ನಾನು ದಂಗಾಗಿದ್ದೆ. ನಸುಕಿನಲ್ಲೇ ಜನ, ಹೂವು, ಗಾಡಿ, ಎಲ್ಲ ಸಿದ್ಧ! ಗುಂಡಿಗೂ ಹೇಳಿ ಬಂದಿದ್ದನಂತೆ. ನಮ್ಮ ಮಗಳಿಗೆ ತಿಳಿಸಲು ಮಾತ್ರ ಧೈರ್ಯ ಬರಲಿಲ್ಲವಂತೆ, ನಮ್ಮ ಪುಣ್ಯ. ನಾನು ಹುಡುಕುತ್ತಿದ್ದವನು ಇವನೇ ಎಂದು ಅವನ ಹೆಗಲ ಮೇಲೆ ಕೈಯಿಟ್ಟೆ. “ಈರಣ್ಣಾ, ನನ್ನ ಮಣ್ಣಿಗೂ ನೀನ ಮುಂದ ನಿಂದರಬೇಕಪಾ.”

ಅವನು ಟವೆಲಿನಿಂದ ಮುಖ ಒರೆಸಿಕೊಂಡ. “ಬರ್ತೀನಿ ಮಾಮಾ, ಯಾಕ ಬರೂದಿಲ್ಲ? ಆದ್ರ ಇಷ್ಟ ಜಲ್ದಿ ಆಗೂದಿಲ್ಲ ನೋಡ್ರಿ. ಇದು ಅಕ್ಕಂದು ಅಂತ ಓಡಿ ಬಂದೆ.”

ಭಜನೆಯವರು ನೆಲ ನೋಡಿದರು. ನಾನು ಆಕಾಶ ನೋಡಿದೆ.

ಹತ್ತಕ್ಕೆ ಬರಬೇಕಾದ ಟ್ರ್ಯಾಕ್ಟರ್ ಹನ್ನೆರಡಕ್ಕೆ ಬಂತು. ಟೆಂಪೋದಲ್ಲಿ ಬಂದಿದ್ದ ಭಜನೆಯವರೇ ತಾವು ತಂದ ಗುದ್ದಲಿಗಳಿಂದ ಹಿತ್ತಲಿಗೆಲ್ಲ ಮಣ್ಣು ಹರಡಿ, ರೊಟ್ಟಿ ಉಂಡು ಹೋದರು. ಮನೆ ಖಾಲಿಯಾದ ಮೇಲೆ ನನಗೆ ಹೆದರಿಕೆ ಶುರುವಾಯಿತು. ಇಷ್ಟು ದಿನ ಹಾಕಿದ ಲೆಕ್ಕದಲ್ಲೆಲ್ಲ ಸಾಯುವವನು ನಾನು, ಗೋಡೆಗೆ ಒರಗಿ ಅಳುವವಳು ನೀಲವ್ವ. ಅದು ತಿರುಗಾಮುರುಗಾ ಆಗಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಟೆಂಪೋದಲ್ಲಿದ್ದ ಆ ಮಾಲೆ ಅವಳಿಗೆಂದೇ ಕಟ್ಟಿಸಿದ್ದು.

“ನೀ ನನಗಿಂತ ಮೊದಲ ಹೋಗಬ್ಯಾಡ,” ಎಂದೆ.

ಅವಳು ಮಲ್ಲಿಗೆಯ ಸಸಿಗೆ ಕುಣಿ ತೆಗೆಯುತ್ತಿದ್ದಳು, ತಲೆ ಎತ್ತಲಿಲ್ಲ. “ಅದೇನು ನನ್ನ ಕೈಯಾಗ ಐತೇನು? ಮಣ್ಣು ಕೊಡಾಕ ಹೆಂಗಿದ್ರೂ ಯಾರರ ಬರ್ತಾರ. ಮೊದಲ ನಿಮಗ ಚಾ ಕೊಡೋರು ಯಾರು ಅಂತ ನೋಡ್ಕೋರಿ.”

ಅಷ್ಟೂ ಬಾರದವನೇ ನಾನು ಎಂದು ಅಭಿಮಾನ ಕೆರಳಿ ಅಡುಗೆಮನೆಗೆ ಹೋದೆ. ಒಲೆ ಹೊತ್ತಿತು, ನೀರು ಕುದಿಯಿತು. ಸಕ್ಕರೆ ಎಲ್ಲಿದೆ ಎಂದು ಅವಳನ್ನೇ ಕೂಗಿ ಕೇಳಬೇಕಾಯಿತು.