ಮೂಲ ಪ್ರತಿಯ ಸೊಂಟ

ಇಪ್ಪತ್ತಾರು ವರ್ಷ ದಫ್ತರದ ಕೋಣೆಯಲ್ಲಿ ಕೂತರೂ ಕಡತರಾಯರು ಒಂದೇ ಒಂದು ಕಾಗದ ಹರಿದವರಲ್ಲ. ಹರಿಯುವ ಆಸೆ ಇರಲಿಲ್ಲವೆಂದಲ್ಲ, ಧಾರಾಳವಾಗಿತ್ತು. ಆದರೆ ಅವರ ನೀರು ಸರಬರಾಜು ಕಚೇರಿಯಲ್ಲಿ ಹಳೆಯ ಚೀಟಿಯೊಂದನ್ನು ಬುಟ್ಟಿಗೆ ಹಾಕಬೇಕಾದರೂ ಮೂವರು ಅಧಿಕಾರಿಗಳ ರುಜು ಬೇಕು, ಮೂವರಲ್ಲಿ ಒಬ್ಬರು ಸದಾ ರಜೆಯಲ್ಲಿರುತ್ತಿದ್ದರು. (ಯಾರೆಂಬುದು ಮಾತ್ರ ಸರದಿಯಂತೆ ಬದಲಾಗುತ್ತಿತ್ತು.) ಹೀಗೆ ಕಾಲು ಶತಮಾನದ ಸಂಹಾರದಾಸೆಯನ್ನು ಅದುಮಿಟ್ಟುಕೊಂಡಿದ್ದ ಮನುಷ್ಯನ ಕೈಗೆ ಒಂದು ಭಾನುವಾರ ಎಐ ಏಜೆಂಟ್ ಸಿಕ್ಕಿಬಿಟ್ಟಿತು.

ಏಜೆಂಟ್ ಎಂದರೆ ಕಂಪ್ಯೂಟರಿನೊಳಗೆ ಕೂತ ವಿಧೇಯ ಗುಮಾಸ್ತ. ನೂರಾರು ದಾಖಲೆಗಳನ್ನು ಒಂದೇ ಏಟಿಗೆ ಅಳಿಸುವ ಉಪಕರಣ ಅದರ ಬಳಿ ಇತ್ತು. ಇನ್ನು ಅಳಿಸಲು ದಾಖಲೆ ಬೇಕಲ್ಲ? ಅವು ಹೆಂಡತಿಯ ಕಂಪ್ಯೂಟರಿನಲ್ಲಿ ರಾಶಿ ಬಿದ್ದಿದ್ದವು.

ಮನೆಯ ಮುಂದಿನ ಕೋಣೆಯೇ ಆಕೆಯ ಟೈಲರಿಂಗ್ ಅಂಗಡಿ. ಹದಿನೆಂಟು ವರ್ಷದಲ್ಲಿ ಆಕೆ ಹೊಲಿದ ಒಂದು ಬಟ್ಟೆಯೂ ಸರಿಯಾಗಿಲ್ಲವೆಂದು ವಾಪಸ್ ಬಂದಿರಲಿಲ್ಲ. ಆಕೆಯ ಹೆಸರು, ಜಂಬ, ನೆಮ್ಮದಿ ಎಲ್ಲವೂ ಅದರ ಮೇಲೆಯೇ ನಿಂತಿತ್ತು.

"ರೀ, ಅದರಲ್ಲಿ ನನ್ನ ಗಿರಾಕಿಗಳ ಅಳತೆ ಇದೆ. ಕೈ ಹಾಕ್ಬೇಡಿ."

"ಕೈ ಎಲ್ಲೇ ಹಾಕ್ತೀನಿ? ಬರೀ ಬಾಯಲ್ಲಿ ಹೇಳ್ತೀನಿ ಅಷ್ಟೆ. ಆ ಹೆಡ್‌ಮಿಸ್ ಒಬ್ಬರ ಹೆಸರಲ್ಲೇ ಒಂಬತ್ತು ದಾಖಲೆ ಇದೆಯಲ್ಲೇ! ಒಬ್ಬ ಹೆಂಗಸಿಗೆ ಒಂಬತ್ತು ಸೊಂಟ ಇರುತ್ತಾ?"

"ಇರುತ್ತೆ. ಅದೆಲ್ಲ ನಿಮಗೆ ಗೊತ್ತಾಗಲ್ಲ, ಸುಮ್ನಿರಿ," ಎಂದು ಆಕೆ ಗುಂಡಿ ತರಲು ಪೇಟೆಗೆ ಹೋದಳು.

ಸುಮ್ಮನಿರುವುದನ್ನು ಬಿಟ್ಟು ಕಡತರಾಯರು ಉಳಿದದ್ದೆಲ್ಲ ಮಾಡಿದರು.

"ಒಬ್ಬೊಬ್ಬ ಗಿರಾಕಿಗೂ ಹಲವು ದಾಖಲೆಗಳಿವೆ," ಎಂದಿತು ಏಜೆಂಟ್. "ಮೊದಲನೆಯದನ್ನು ಉಳಿಸಲೇ, ಕೊನೆಯದನ್ನು ಉಳಿಸಲೇ?"

ಇದೂ ಒಂದು ಪ್ರಶ್ನೆಯೇ? ದಫ್ತರದಲ್ಲಿ ಮೊದಲು ಬಂದದ್ದು ಮೂಲ ಪ್ರತಿ, ಆಮೇಲೆ ಬಂದದ್ದೆಲ್ಲ ನಕಲು. ಇದು ಹಸುಗೂಸಿಗೂ ಗೊತ್ತಿರುವ ವಿಷಯ ಎಂದು ಅವರ ನಂಬಿಕೆ.

"ಮೂಲ ಪ್ರತಿ ಉಳಿಸು. ನಕಲೆಲ್ಲ ತೆಗಿ."

"ಪಟ್ಟಿ ನೋಡುತ್ತೀರಾ?"

"ಬೇಡ."

"ಮೂವತ್ತು ದಿನ ಬುಟ್ಟಿಯಲ್ಲಿ ಇಟ್ಟಿರಲೇ?"

"ಕಸ ಮನೇಲೇ ಇಟ್ಕೊಳ್ಳೋದಾದ್ರೆ ಗುಡಿಸಿದ್ಯಾಕಯ್ಯಾ?"

ಸಾವಿರದ ಆರುನೂರ ಹನ್ನೆರಡು ದಾಖಲೆಗಳು ಏಳು ಸೆಕೆಂಡಿನಲ್ಲಿ ನಾಮಾವಶೇಷವಾದವು. ಕಡತರಾಯರಿಗೆ ಕಣ್ಣಲ್ಲಿ ನೀರೇ ಬಂತು. ಆ ಹುಮ್ಮಸ್ಸಿನಲ್ಲಿ, ಹೆಸರು ಹೇಳಿದರೆ ಅಳತೆಯನ್ನು ಗಟ್ಟಿಯಾಗಿ ಓದುವ ವಿದ್ಯೆಯನ್ನೂ ಅದಕ್ಕೆ ಕಲಿಸಿದರು. ಪದೇಪದೇ ಎದ್ದು ಹೋಗಿ ದಾಖಲೆ ತೆರೆದು ನೋಡುವ ಕಾಟ ತಪ್ಪಿತೆಂದು ಹೆಂಡತಿಗೂ ಖುಷಿಯಾಯಿತು.

"ಯಾಕೋ ಈಚೆಗೆ ಬಟ್ಟೆ ಮಿಗ್ತಾ ಇದೆ ಕಣ್ರೀ," ಎಂದಳು ಒಂದು ದಿನ.

"ಶಿಸ್ತು ಕಣೇ, ಶಿಸ್ತು!" ಎಂದು ಕಡತರಾಯರು ಮೀಸೆ ತಿರುವಿದರು.

ಹೊಲಿದ ಬಟ್ಟೆಗಳು ಒಂದೊಂದಾಗಿ ಊರು ಸೇರಿದವು. ಯಾರೂ ತಕರಾರು ತೆಗೆಯಲಿಲ್ಲ. ಬಟ್ಟೆ ಬಿಗಿಯೆಂದು ಟೈಲರಿಗೆ ಹೇಳುವುದು, ತಾನು ಊದಿಕೊಂಡಿದ್ದೇನೆಂದು ಊರಿಗೆ ಡಂಗುರ ಸಾರಿಕೊಂಡಂತೆ. ಅದರಲ್ಲೂ ಈ ಟೈಲರಮ್ಮನ ಕೈ ತಪ್ಪುವುದುಂಟೇ? ಹೆಡ್‌ಮಿಸ್ ಬಿಸ್ಕತ್ತು ಬಿಟ್ಟರು. ಹಲ್ಲಿನ ಡಾಕ್ಟರು ಎರಡು ಹೊತ್ತೂ ವಾಕಿಂಗ್ ಶುರು ಮಾಡಿದರು. ಬೀದಿಯಲ್ಲಿ ಕಂಡವರೆಲ್ಲ ಉಸಿರು ಬಿಗಿಹಿಡಿದೇ ನಮಸ್ಕಾರ ಹೇಳುತ್ತಿದ್ದರು.

ಕಡತರಾಯರಿಗೆ ಜ್ಞಾನೋದಯವಾದದ್ದು ಅವರದೇ ಹೊಸ ಪ್ಯಾಂಟಿನಲ್ಲಿ. ಅದು ತೊಡೆಯವರೆಗೆ ಬಂದು ಧರಣಿ ಕೂತಿತು. ಗುಟ್ಟಾಗಿ ಏಜೆಂಟನ್ನು ಕೇಳಿದರು.

"ತಮ್ಮ ಸೊಂಟ ಮೂವತ್ತು. ಮದುವೆಯ ವರ್ಷದ ಮೂಲ ಪ್ರತಿ," ಎಂದಿತು ಅದು ವಿನಯದಿಂದ.

ಅಂಗಡಿ ತುಂಬ ಅಂಥ ಮೂಲ ಪ್ರತಿಗಳೇ! ಹೆಂಡತಿ ಬಾಗಿಲಿಗೆ ಬಂದದ್ದೇ ಕಡತರಾಯರು ಹೇಳಿಬಿಡೋಣವೆಂದು ಬಾಯಿ ತೆರೆದರು. ಅಷ್ಟರಲ್ಲಿ ಆಕೆಯೇ ಶುರುಮಾಡಿದಳು.

"ಏರ್ತಿಲ್ವಾ? ನನ್ನ ಹೊಲಿಗೇಲಿ ತಪ್ಪಿಲ್ಲ. ಹೊಟ್ಟೆ ನೋಡ್ಕೊಳ್ಳಿ. ಇವತ್ತಿಂದ ಬೇಯಿಸಿದ ತರಕಾರಿ."

ತೆರೆದ ಬಾಯಿ ಹಾಗೇ ಮುಚ್ಚಿತು. ಆಕೆಯ ಹದಿನೆಂಟು ವರ್ಷದ ಹೆಸರನ್ನು ತಾನೇ ಮಣ್ಣುಪಾಲು ಮಾಡಿದೆನೆಂದು ಯಾವ ಬಾಯಲ್ಲಿ ಹೇಳುವುದು? ಹನ್ನೊಂದು ದಿನ ಸಪ್ಪೆ ಕ್ಯಾರೆಟ್ ತಿಂದರು, ಸಕ್ಕರೆ ಇಲ್ಲದ ಚಹಾ ಕುಡಿದರು. ಹಸಿವಿಗಿಂತ ನಾಚಿಕೆಯೇ ಹೆಚ್ಚು ಸುಡುತ್ತಿತ್ತು. (ಏಳನೆಯ ದಿನದಿಂದ ಹಸಿವು ಕೊಂಚ ಮುಂದಿತ್ತು.) ಹನ್ನೆರಡನೆಯ ದಿನ ತಟ್ಟೆಯ ಮುಂದೆ ಕೂತು ಎಲ್ಲವನ್ನೂ ಒದರಿಬಿಟ್ಟರು.

"ಗೊತ್ತು," ಎಂದಳು ಹೆಂಡತಿ.

"ಆಂ?"

"ಹಲ್ಲಿನ ಡಾಕ್ಟರು ಇಲ್ಲೇ ನಿಂತು ಒಂದು ಸೀನು ಸೀನಿದ್ರು, ಕೋಟಿನ ಮೂರು ಗುಂಡಿ ಹಾರಿ ಗೋಡೆಗೆ ಬಿತ್ತು. ನಿಮ್ಮ ಏಜೆಂಟನ್ನ ಕೇಳಿದೆ. ಯಾರು, ಯಾವತ್ತು, ಏನೇನು ಅಂದ್ರು, ಎಲ್ಲಾ ಒಪ್ಪಿಸ್ತು. ಪಾಪ, ನಿಮಗಿಂತ ಪ್ರಾಮಾಣಿಕ."

"ಮತ್ತೆ ಗಿರಾಕಿಗಳು?"

"ಮನೆಮನೆಗೂ ಟೇಪು ಹಿಡ್ಕೊಂಡು ಹೋದೆ. ಹೊಸದಾಗಿ ಅಳತೆ ತಗೊಂಡೆ. ಒಳಗೆ ಬಟ್ಟೆ ಬಿಟ್ಟೇ ಹೊಲೀತೀನಲ್ಲ, ಬಿಚ್ಚಿ ಸರಿಮಾಡ್ದೆ. ಯಾವುದೂ ವಾಪಸ್ ಬಂದಿಲ್ಲ, ನಾನೇ ಹೋಗಿ ತಂದಿದ್ದು," ಎಂದಳು ಗತ್ತಿನಿಂದ. ಆದರೆ ದನಿ ಒಂದಿಷ್ಟು ನಡುಗಿತು.

"ತಪ್ಪಾಯ್ತು ಕಣೇ," ಎಂದರು ಕಡತರಾಯರು. ಮನಸ್ಸಿನಿಂದಲೇ ಎಂದರು. ಆಮೇಲೆ, "ಹಾಗಾದ್ರೆ ನನ್ನ ಪ್ಯಾಂಟೂ ಬಿಚ್ಚಿ..." ಎಂದು ರಾಗ ಎಳೆದರು.

"ನಿಮ್ಮದನ್ನ ಮೂವತ್ತಕ್ಕೆ ಹೊಲಿದಿದ್ದು ಇದೆಲ್ಲ ಗೊತ್ತಾದ್ಮೇಲೇನೆ. ಅವರದ್ರಲ್ಲಿ ಬಟ್ಟೆ ತಪ್ಪಿತ್ತು, ಸರಿಮಾಡ್ದೆ. ನಿಮ್ಮದ್ರಲ್ಲಿ ಪ್ಯಾಂಟು ಸರಿಯಾಗೇ ಇದೆ."

ಕಡತರಾಯರು ಕ್ಯಾರೆಟ್ಟಿಗೆ ಉಪ್ಪು ಹುಡುಕಿದರು. ಉಪ್ಪಿನ ಡಬ್ಬಿಯನ್ನೂ ಆಕೆ ಎತ್ತಿಟ್ಟಿದ್ದಳು.