ಗೊರವಂಕದ ಮೌಖಿಕ ಮಂಜೂರಾತಿಗಳು

ವಲಯ ಶಿಕ್ಷಣಾಧಿಕಾರಿಯವರ ಕಾರ್ಯಾಲಯ
(ಗ್ರಾಮಾಂತರ ಶಾಲೆಗಳ ಶಾಖೆ, ಮೆಟ್ಟಿಲು ಹತ್ತಿ ಎಡಕ್ಕೆ)

ಸುತ್ತೋಲೆ ಸಂಖ್ಯೆ: ವ.ಶಿ.ಕಾ/ಗ್ರಾ.ಶಾ/ಪಕ್ಷಿ/01

ವಿಷಯ: ಶಾಲೆಯ ಕಿಟಕಿಯಲ್ಲಿ ಕುಳಿತು ಅಧಿಕಾರಿಯವರ ಧ್ವನಿಯಲ್ಲಿ ಮಂಜೂರಾತಿ ನೀಡುತ್ತಿರುವ ಗೊರವಂಕ (ಮೈನಾ) ಹಕ್ಕಿಯ ಬಗ್ಗೆ ಕೈಗೊಳ್ಳಬೇಕಾದ ಕ್ರಮಗಳ ಕುರಿತು.

ಉಲ್ಲೇಖ:
1. ಕೊಠಡಿ ಸಂಖ್ಯೆ ಮೂರರ ಸೂರು ಸೋರುತ್ತಿರುವ ಬಗ್ಗೆ ಮುಖ್ಯೋಪಾಧ್ಯಾಯಿನಿಯವರ ಮನವಿಗಳು (ಒಂದರಿಂದ ಇಪ್ಪತ್ತಮೂರು).
2. ಸದರಿ ಮನವಿಗಳು ತಲುಪಿಲ್ಲವೆಂದು ಪ್ರತಿಯೊಂದಕ್ಕೂ ಈ ಕಾರ್ಯಾಲಯ ಬರೆದ ಉತ್ತರಗಳು (ಇಪ್ಪತ್ತಮೂರು).
3. ಗೊರವಂಕದ ಮೌಖಿಕ ಆದೇಶ, ಸೋಮವಾರ, ಎರಡನೇ ಪಿರಿಯಡ್.

ಪ್ರಸ್ತಾವನೆ:

ಈ ವಲಯದ ಕೊನೆಯ ಊರಿನ ಶಾಲೆಯಲ್ಲಿ ಕೊಠಡಿ ಸಂಖ್ಯೆ ಮೂರರ ಸೂರು ಆರು ವರ್ಷಗಳಿಂದ ಸೋರುತ್ತಿದ್ದು, ಮಳೆಗಾಲದಲ್ಲಿ ಅಲ್ಲಿನ ಇಪ್ಪತ್ತೇಳು ಮಕ್ಕಳು ಕೊಡೆ ಬಿಡಿಸಿಕೊಂಡು ಲೆಕ್ಕ ಮಾಡುತ್ತಿದ್ದರೆಂದು ತಿಳಿದುಬಂದಿದೆ. ಕೊಡೆ ಇಲ್ಲದವರು ಮನೆಯಲ್ಲೇ ಉಳಿಯುತ್ತಿದ್ದರು. ಹಾಜರಾತಿ ಕಡಿಮೆ ಇರುವುದರಿಂದ ಸೂರಿನ ದುರಸ್ತಿ ಅನಗತ್ಯವೆಂದೂ, ಸೂರು ಸರಿಯಿಲ್ಲದಿರುವುದರಿಂದ ಆ ಕೊಠಡಿಯಲ್ಲಿ ನಡೆಯುವ ಎರಡು ತರಗತಿಗಳನ್ನೇ ಮುಚ್ಚುವುದು ಸೂಕ್ತವೆಂದೂ ಈ ಕಾರ್ಯಾಲಯ ಅಭಿಪ್ರಾಯಪಟ್ಟಿತ್ತು. ಮುಚ್ಚುವ ಕಡತ ಸಿದ್ಧವಾಗಿತ್ತು.

ಈ ಹಂತದಲ್ಲಿ ಅಧಿಕಾರಿಯವರು ಶಾಲೆಗೆ ಭೇಟಿ ನೀಡಿ, ಮುಖ್ಯೋಪಾಧ್ಯಾಯಿನಿಯವರ ಕೊಠಡಿಯಲ್ಲಿ ಇಪ್ಪತ್ತು ನಿಮಿಷ ಆಸೀನರಾಗಿದ್ದರು. ಆಗ ಶಾಲೆಯ ಪರಿಚಾರಕಿ (ಗಂಟೆ ಹೊಡೆಯುವ ಕೆಲಸ ಇವರದೇ ಆದ್ದರಿಂದ ಊರೆಲ್ಲ ಇವರನ್ನು 'ಗಂಟೆ ಅಕ್ಕ' ಎನ್ನುತ್ತದೆ) "ಸಾರ್, ಇನ್ನೊಂದ್ ಲೋಟ ಟೀ ಮಾಡ್ಲಾ?" ಎಂದು ವಿಚಾರಿಸಿದ್ದು, ಅಧಿಕಾರಿಯವರು ಎರಡು ಸಲ ಕೆಮ್ಮಿ, "ಹ್ಞಾಂ, ಆಯ್ತು, ಮಾಡಿ" ಎಂದು ಉತ್ತರಿಸಿರುತ್ತಾರೆ. ಸದರಿ ಭೇಟಿಯಲ್ಲಿ ಕೈಗೊಂಡ ಏಕೈಕ ತೀರ್ಮಾನ ಇದಾಗಿತ್ತು. ಆ ವೇಳೆ ಕಿಟಕಿಯ ಸರಳಿನ ಮೇಲೆ ಗೊರವಂಕವೊಂದು ಕುಳಿತಿದ್ದನ್ನು ಯಾರೂ ಗಮನಕ್ಕೆ ತಂದಿರುವುದಿಲ್ಲ.

ಮುಂದಿನ ಸೋಮವಾರ ಮುಖ್ಯೋಪಾಧ್ಯಾಯಿನಿಯವರು ಸೂರಿನ ದುರಸ್ತಿ ಕೋರುವ ಇಪ್ಪತ್ತನಾಲ್ಕನೇ ಮನವಿಯನ್ನು ಬರೆದು, ತಪ್ಪಿದೆಯೇ ಎಂದು ಗಟ್ಟಿಯಾಗಿ ಓದಿ ನೋಡಿದರು. ಬೆನ್ನ ಹಿಂದಿನಿಂದ ಎರಡು ಕೆಮ್ಮು, ನಂತರ "ಹ್ಞಾಂ, ಆಯ್ತು, ಮಾಡಿ" ಎಂಬ ಧ್ವನಿ ಕೇಳಿಬಂತು. ವಿಚಾರಣೆಯಲ್ಲಿ ಅವರು ನೀಡಿದ ಹೇಳಿಕೆ: "ಸಾರ್ ಧ್ವನಿನೇ. ಕೆಮ್ಮೂ ಅವರದ್ದೇ. ನಾನು ಎದ್ದು ನಿಂತು 'ಥ್ಯಾಂಕ್ಸ್ ಸಾರ್' ಅಂದೆ. ತಿರುಗಿ ನೋಡೋ ಧೈರ್ಯ ಬರ್ಲಿಲ್ಲ."

ಬೆಂಚಿನ ಕಾಲು ಸರಿಮಾಡಲು ಬಂದಿದ್ದ ಬಡಗಿಯು ಸ್ಥಳದಲ್ಲಿದ್ದರು. ಇವರ ಮಗಳು ಕೊಠಡಿ ಮೂರರಲ್ಲಿ ಓದುತ್ತಾಳೆ. ಇವರ ಹೇಳಿಕೆ: "ಇಬ್ಬರೂ ಕೇಳಿಸ್ಕೊಂಡ್ವಿ. ಸಾಹೇಬ್ರೇ ಹೂಂ ಅಂದ್ಮೇಲೆ ಇನ್ನೇನು? ಹೋಗಿ ಏಣಿ ತಂದೆ." ಭಾನುವಾರದ ಹೊತ್ತಿಗೆ ಊರಿನವರೆಲ್ಲ ಸೇರಿ ಹಳೆಯ ಸೂರು ಬಿಚ್ಚಿ ಹೊಸದನ್ನು ಹೊದಿಸಿರುತ್ತಾರೆ.

ಅದೇ ವಾರ, ಕಲ್ಲುಕ್ವಾರಿ ಬದಿಯ ಮನೆಗಳ ಮಕ್ಕಳು ನಡೆದು ಬರುತ್ತಿರುವುದರಿಂದ ಶಾಲಾ ವ್ಯಾನು ಅಲ್ಲಿಯವರೆಗೂ ಹೋಗಲು ಅನುಮತಿ ಕೋರುವ ಮನವಿಯನ್ನು ಓದಲಾಯಿತು. ಅದಕ್ಕೂ "ಆಯ್ತು, ಮಾಡಿ" ಎಂದಾಯಿತು. ಈ ಸಲ ಮುಖ್ಯೋಪಾಧ್ಯಾಯಿನಿಯವರು ತಿರುಗಿ ನೋಡಿದ್ದಾರೆ. ಹಕ್ಕಿಯೆಂದು ತಿಳಿದ ಮೇಲೂ ವ್ಯಾನನ್ನು ಏಕೆ ಕಳುಹಿಸಲಾಯಿತೆಂಬ ಪ್ರಶ್ನೆಗೆ ಅವರ ಉತ್ತರವನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಆರು ವರ್ಷದಲ್ಲಿ ಬಂದಿರೋ ಒಂದೇ ಒಳ್ಳೆ ಉತ್ತರ ಸಾರ್ ಅದು. ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ."

ವಿಷಯ ತಿಳಿದ ಅಧಿಕಾರಿಯವರು ಖುದ್ದು ವಿಚಾರಣೆಗೆ ತೆರಳಿದರು. ಕೆಮ್ಮು ಉಲ್ಬಣಿಸಿ ಅವರ ಗಂಟಲು ಪೂರ್ತಿ ಕಟ್ಟಿಹೋಗಿದ್ದು, ಎಂಟು ದಿನ ತುಟಿ ಬಿಚ್ಚಬಾರದೆಂದು ವೈದ್ಯರು ತಾಕೀತು ಮಾಡಿದ್ದರಿಂದ, ಒಂದು ಕಟ್ಟು ಖಾಲಿ ಚೀಟಿ ಹಾಗೂ ಕಚೇರಿಯ ಗುಮಾಸ್ತರನ್ನು ಜೊತೆಗೆ ಕರೆದೊಯ್ದಿದ್ದರು. ಊರಿನವರು ಹೆಚ್ಚಿನ ಸಂಖ್ಯೆಯಲ್ಲಿ ಸೇರಿದ್ದರಿಂದ ವಿಚಾರಣೆಯನ್ನು ಕೊಠಡಿ ಮೂರರಲ್ಲೇ ನಡೆಸಲಾಯಿತು. ಆರಂಭಗೊಂಡ ಹತ್ತು ನಿಮಿಷಕ್ಕೆ ಮಳೆ ಸುರಿಯತೊಡಗಿತು. ಸೂರಿನ ಮೇಲೆ ಹನಿಯ ಸದ್ದಾದ ಕೂಡಲೇ ಮಕ್ಕಳು ಅಭ್ಯಾಸಬಲದಿಂದ ಕೊಡೆಗಳನ್ನು ಬಿಡಿಸಿದರು. "ಮುಚ್ರೋ, ಮುಚ್ರೋ, ಈಗ ಸೋರಲ್ಲ" ಎಂದು ಗಂಟೆ ಅಕ್ಕ ಹೇಳಬೇಕಾಯಿತು. ಮಕ್ಕಳು ನಂಬದೆ ಸ್ವಲ್ಪ ಹೊತ್ತು ಅಂಗೈ ಚಾಚಿ ಪರೀಕ್ಷಿಸಿ, ನಂತರ ಮುಚ್ಚಿರುತ್ತಾರೆ. ಒಂದು ಹನಿಯೂ ಒಳಗೆ ಬಿದ್ದಿರುವುದಿಲ್ಲ. ಅಧಿಕಾರಿಯವರು ಬಹಳ ಹೊತ್ತು ಮೇಲೆ ನೋಡುತ್ತಿದ್ದರು.

ಆಗ ಗುಮಾಸ್ತರು ಕಡತ ತೆರೆದು, "ಈ ಸೂರು ಅನಧಿಕೃತವಾದ್ದರಿಂದ ಇಂದೇ ಕಿತ್ತುಹಾಕಿಸಬಹುದೇ ಸಾರ್?" ಎಂದು ಓದಿದರು.

ಕಿಟಕಿಯಿಂದ ಎರಡು ಕೆಮ್ಮು ಕೇಳಿಸಿತು. "ಹ್ಞಾಂ, ಆಯ್ತು, ಮಾಡಿ."

ಅಲ್ಲಿಯವರೆಗೆ ಹಕ್ಕಿಯ ಮಾತನ್ನು ಆದೇಶವೆಂದು ವಾದಿಸುತ್ತಿದ್ದ ಊರಿನವರು ಈಗ ಅದನ್ನು ಬರಿ ಹಕ್ಕಿ ಎಂದೂ, ಹಕ್ಕಿಯ ಮಾತಿಗೆ ಬೆಲೆಯಿಲ್ಲವೆನ್ನುತ್ತಿದ್ದ ಗುಮಾಸ್ತರು ಈಗ ಅದನ್ನು ಆದೇಶವೆಂದೂ ವಾದಿಸಿದರು. ಏಣಿ ತರುವಂತೆ ಬಡಗಿಗೆ ಸೂಚಿಸಲಾಯಿತು. "ಏಣಿ ಮನೇಲಿದೆ. ಮನೆ ದೂರ. ಕಾಲು ಬೇರೆ ನೋವು" ಎಂದು ಅವರು ಸೂರಿನ ಕೆಳಗೆ ನೆಲದ ಮೇಲೆ ಕುಳಿತುಬಿಟ್ಟರು. ಅವರ ಮಗಳೂ ಬಂದು ಪಕ್ಕದಲ್ಲಿ ಕುಳಿತಳು.

ಅಧಿಕಾರಿಯವರು ಮಾತನಾಡಲು ಯತ್ನಿಸಿದರು. ತುಟಿ ಅಲ್ಲಾಡಿತೇ ಹೊರತು ಸ್ವರ ಹೊರಡಲಿಲ್ಲ. ಬಳಿಕ ಚೀಟಿಯೊಂದರಲ್ಲಿ ಅವಸರವಾಗಿ ಬರೆದುಕೊಟ್ಟರು: "ಅದು ನಾನಲ್ಲ. ಮಳೆ ಬರ್ತಾ ಇದೆ, ಕಣ್ಣು ಕಾಣಲ್ವಾ?"

ಈ ಚೀಟಿಯಿಂದ ಹಕ್ಕಿಯ ಎಲ್ಲ ಮಂಜೂರಾತಿಗಳೂ ರದ್ದಾಗುವುದೆಂದೂ, ಆಗ ಸೂರಿಗೆ ಯಾರ ಅನುಮತಿಯೂ ಇಲ್ಲದಂತಾಗುವುದೆಂದೂ ಗುಮಾಸ್ತರು ನಿಯಮದ ಪ್ರಕಾರ ಗಮನಕ್ಕೆ ತಂದರು. ಅಧಿಕಾರಿಯವರು ಎರಡನೇ ಚೀಟಿಯಲ್ಲಿ ಸೂರನ್ನೂ ಮೂರನೆಯದರಲ್ಲಿ ವ್ಯಾನನ್ನೂ ಸ್ವಹಸ್ತಾಕ್ಷರದಲ್ಲಿ ಮಂಜೂರು ಮಾಡಿರುತ್ತಾರೆ. ನಾಲ್ಕನೇ ಚೀಟಿಯ ವಿಷಯವನ್ನು ಕಲಂ 9ರಲ್ಲಿ ತಿಳಿಸಲಾಗಿದೆ.

ಮುಂದೆ ಇಂತಹ ಗೊಂದಲ ಉಂಟಾಗದಿರಲೆಂದು ವಲಯದ ಎಲ್ಲ ಶಾಲೆಗಳಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಈ ಕಾರ್ಯಾಲಯದ ಯಾವುದೇ ಅಧಿಕಾರವನ್ನು ಯಾವುದೇ ಹಕ್ಕಿಗೆ ವಹಿಸಿರುವುದಿಲ್ಲ.

2. ಮನವಿಗಳನ್ನು ಗಟ್ಟಿಯಾಗಿ ಓದುವ ಮುನ್ನ ಕಿಟಕಿ ಮುಚ್ಚತಕ್ಕದ್ದು. ಕಿಟಕಿಗೆ ಬಾಗಿಲೇ ಇಲ್ಲದ ಶಾಲೆಗಳು, ಬಾಗಿಲು ಕೋರುವ ಮನವಿಯನ್ನು ಮನಸ್ಸಿನಲ್ಲೇ ಓದಿಕೊಳ್ಳತಕ್ಕದ್ದು.

3. ಮೌಖಿಕ ಆದೇಶ ಕೇಳಿಬಂದಾಗ ಸಿಬ್ಬಂದಿಯು ತಪ್ಪದೆ ತಿರುಗಿ ನೋಡಿ, "ಮೇಲ್ಕಂಡ ಆದೇಶ ನೀಡಿದವರಿಗೆ ರೆಕ್ಕೆ ಇರುವುದಿಲ್ಲ" ಎಂಬ ದೃಢೀಕರಣವನ್ನು ಮೂರು ಪ್ರತಿಗಳಲ್ಲಿ ಪಡೆಯತಕ್ಕದ್ದು. ಆದೇಶ ನೀಡಿದವರು ಅಷ್ಟರೊಳಗೆ ಹಾರಿಹೋದಲ್ಲಿ ದೃಢೀಕರಣದ ಅಗತ್ಯವಿರುವುದಿಲ್ಲ.

4. ಭೇಟಿಗೆ ಬರುವ ಅಧಿಕಾರಿಗಳು ಟೀ ಬೇಕೆಂಬುದನ್ನು ಲಿಖಿತವಾಗಿ ತಿಳಿಸತಕ್ಕದ್ದು. ಸಕ್ಕರೆಗೆ ಪ್ರತ್ಯೇಕ ಚೀಟಿ ಬರೆಯತಕ್ಕದ್ದು. ಎರಡನೇ ಲೋಟಕ್ಕೆ ಮೇಲಧಿಕಾರಿಗಳ ಪೂರ್ವಾನುಮತಿ ಇರತಕ್ಕದ್ದು.

5. ಅಧಿಕಾರಿಯವರ ಧ್ವನಿಯನ್ನು ಅನಧಿಕೃತವಾಗಿ ಬಳಸಿದ್ದಕ್ಕೆ ಕಾರಣ ಕೇಳುವ ನೋಟಿಸನ್ನು ಕಿಟಕಿಯ ಬಳಿ ನಿಂತು ಹಕ್ಕಿಗೆ ಓದಿ ಹೇಳಲಾಗಿದೆ. ಹಕ್ಕಿಯು "ಆಯ್ತು, ಮಾಡಿ" ಎಂದಿದೆ. ಇದು ತಪ್ಪೊಪ್ಪಿಗೆಯೋ ಅಥವಾ ನೋಟಿಸಿಗೆ ಮಂಜೂರಾತಿಯೋ ಎಂಬುದನ್ನು ಕಾನೂನು ಶಾಖೆಯು ಪರಿಶೀಲಿಸುತ್ತಿದೆ. ಹಕ್ಕಿಗೆ ಪಾಠ ಹೇಳಿಕೊಟ್ಟ ಆರೋಪವನ್ನು ಗಂಟೆ ಅಕ್ಕ ನಿರಾಕರಿಸಿದ್ದಾರೆ: "ನಾನೇನೂ ಕಲಿಸಿಲ್ಲ ಸಾರ್. ಅದು ಸುಮ್ನೆ ಕೂತು ಕೇಳಿಸ್ಕೊಂಡಿದೆ. ನಮ್ ಮಕ್ಕಳು ಹಿಂಗೆ ಕೇಳಿಸ್ಕೊಂಡಿದ್ರೆ ಶಾಲೆ ಎಲ್ಲೋ ಹೋಗಿರೋದು."

6. ವರ್ಷಪೂರ್ತಿ ತಪ್ಪದೆ ಬಂದಿದ್ದಕ್ಕಾಗಿ ನಾಲ್ಕನೇ ತರಗತಿಯ ಮಕ್ಕಳು ಹಕ್ಕಿಗೆ ಪೂರ್ಣ ಹಾಜರಾತಿಯ ಪ್ರಶಸ್ತಿಪತ್ರ ನೀಡಿರುವುದು ಕಂಡುಬಂದಿದೆ. ಅದನ್ನು ಹಿಂಪಡೆಯಲು ಹೋದಾಗ, ಹಕ್ಕಿಯು ಪತ್ರವನ್ನು ಹರಿದು ಗೂಡಿಗೆ ಬಳಸಿಕೊಂಡಿತ್ತು. ಪತ್ರದ ಮೇಲೆ ಶಾಲೆಯ ಮೊಹರು ಇರುವುದರಿಂದ ಗೂಡು ಈಗ ಇಲಾಖೆಯ ದಾಖಲೆಯಾಗಿರುತ್ತದೆ. ತಪಾಸಣೆ ಮುಗಿಯುವವರೆಗೆ ಗೂಡನ್ನು ಮುಟ್ಟತಕ್ಕದ್ದಲ್ಲ. ಮೊಟ್ಟೆಗಳನ್ನು ಅಡಕಗಳೆಂದು ಪರಿಗಣಿಸತಕ್ಕದ್ದು.

7. ಮುಖ್ಯೋಪಾಧ್ಯಾಯಿನಿಯವರ ಧ್ವನಿಯಲ್ಲಿ "ಇವತ್ತು ರಜೆ, ಎಲ್ಲಾ ಮನೆಗೆ ಹೋಗಿ" ಎಂದು ಹಕ್ಕಿಗೆ ಕಲಿಸಲು ಐದನೇ ತರಗತಿಯವರು ಹನ್ನೊಂದು ದಿನ ಶ್ರಮಿಸಿದ್ದಾರೆ. ಹಕ್ಕಿ ಕಲಿತಿಲ್ಲ. ಕಲಿಸಿದ ನಾಲ್ವರು ಮಕ್ಕಳು ಕಲಿತಿದ್ದಾರೆ. ಎರಡು ದಿನ ಶಾಲೆ ಬೇಗ ಬಿಟ್ಟಿದ್ದು ಇದೇ ಕಾರಣಕ್ಕೆಂದು ಸ್ಪಷ್ಟಪಡಿಸಲಾಗಿದೆ. ಕಲಂ 3ರ ರೆಕ್ಕೆ ತಪಾಸಣೆಯಿಂದ ಇಂತಹ ಪ್ರಕರಣಗಳು ಪತ್ತೆಯಾಗುವುದಿಲ್ಲವೆಂಬುದನ್ನು ಮನಗಾಣಲಾಗಿದೆ.

8. ಸದರಿ ಹಕ್ಕಿಯನ್ನು ತಮ್ಮಲ್ಲಿಗೆ ನಿಯೋಜಿಸುವಂತೆ ವಲಯದ ಹದಿನಾಲ್ಕು ಶಾಲೆಗಳು ಕೋರಿವೆ. ಒಂದು ಶಾಲೆಯು ಹಕ್ಕಿಯ ಬದಲಿಗೆ ಅಧಿಕಾರಿಯವರನ್ನು ಕಳುಹಿಸುವುದು ಬೇಡ, ಹಕ್ಕಿಯೊಂದೇ ಸಾಕೆಂದು ತಿಳಿಸಿದೆ. ಹಕ್ಕಿಗೆ ಸೇವಾ ಪುಸ್ತಕ ಇಲ್ಲದಿರುವುದರಿಂದ ವರ್ಗಾವಣೆ ಸಾಧ್ಯವಿಲ್ಲ.

9. ಕೊನೆಯದಾಗಿ, ಗಂಟೆ ಅಕ್ಕನವರ ಬಗ್ಗೆ. ಇವರು ಹತ್ತೊಂಬತ್ತು ವರ್ಷಗಳಿಂದ ಮೂರು ತಿಂಗಳ ತಾತ್ಕಾಲಿಕ ನೇಮಕಾತಿಯಲ್ಲಿರುತ್ತಾರೆ. ಊರಿನವರಿಗೆಲ್ಲ ಮಂಜೂರಾತಿ ಸಿಗುತ್ತಿದ್ದ ವಾರದಲ್ಲಿ ಇವರೂ ಕಿಟಕಿಯ ಮುಂದೆ ನಿಂತು "ನನ್ನೂ ಖಾಯಂ ಮಾಡ್ತೀರಾ?" ಎಂದು ಕೇಳಿದ್ದಾಗಿ ವಿಚಾರಣೆಯಲ್ಲಿ ತಾವಾಗಿಯೇ ಒಪ್ಪಿಕೊಂಡರು. "ಎಲ್ಲರಿಗೂ ಆಯ್ತು ಅಂದಿದ್ದು ನನ್ನ ಮುಖ ಒಂದ್ಸಲ ನೋಡಿ ಹಾರ್ಹೋಯ್ತು ಸಾರ್. ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ. ಗಂಟೆ ಹೊತ್ತಾಗಿತ್ತು, ಹೋಗಿ ಹೊಡೆದೆ." ಇದನ್ನು ಹೇಳಿ ಅವರು ನಕ್ಕರು. ಸಭೆಯಲ್ಲಿ ಬೇರಾರೂ ನಗಲಿಲ್ಲ. ಎಲ್ಲರೂ ಕಿಟಕಿಯ ಕಡೆ ನೋಡಿದರು, ಹಕ್ಕಿ ರೆಕ್ಕೆ ಕೆದರಿಕೊಳ್ಳುತ್ತ ಸುಮ್ಮನಿತ್ತು. ಅಧಿಕಾರಿಯವರು ನಾಲ್ಕನೇ ಚೀಟಿಯನ್ನು ಬರೆಯಲು ಮೂರು ನಿಮಿಷ ತೆಗೆದುಕೊಂಡು, ಎದ್ದು ಹೋಗಿ ಅವರ ಕೈಗೇ ಕೊಟ್ಟಿರುತ್ತಾರೆ. ಆ ಪ್ರಕಾರ ಇವರನ್ನು ಖಾಯಂಗೊಳಿಸಿ ಈ ಮೂಲಕ ಆದೇಶಿಸಲಾಗಿದೆ. ನೇಮಕಾತಿ ನಮೂನೆಯ 'ಕೆಲಸಕ್ಕೆ ಹಾಜರಾದ ದಿನಾಂಕ' ಎಂಬ ಕಾಲಂನಲ್ಲಿ ಇವರು ಹತ್ತೊಂಬತ್ತು ವರ್ಷದ ಹಿಂದಿನ ದಿನಾಂಕವನ್ನು ಬರೆದಿದ್ದು, ಅದನ್ನು ತಿದ್ದಲು ಗುಮಾಸ್ತರು ಪೆನ್ನು ಎತ್ತಿದಾಗ ಅಧಿಕಾರಿಯವರು ಪೆನ್ನನ್ನು ಇಸಿದುಕೊಂಡು ತಮ್ಮ ಜೇಬಿಗೆ ಸಿಕ್ಕಿಸಿಕೊಂಡಿರುತ್ತಾರೆ.

(ಸಹಿ ಇದೆ. ಕೆಮ್ಮು ಇಲ್ಲ.)
ವಲಯ ಶಿಕ್ಷಣಾಧಿಕಾರಿ

ಪ್ರತಿಗಳು:
1. ವಲಯದ ಎಲ್ಲ ಮುಖ್ಯೋಪಾಧ್ಯಾಯರಿಗೆ, ಮನಸ್ಸಿನಲ್ಲೇ ಓದಿಕೊಳ್ಳಲು.
2. ವ್ಯಾನ್ ಚಾಲಕರಿಗೆ, ಕ್ವಾರಿಯ ತಿರುವಿನಲ್ಲಿ ನಿಧಾನಿಸುವಂತೆ ಕೋರಿಕೆಯೊಂದಿಗೆ.
3. ಬಡಗಿಗೆ, ಕಾಲು ನೋವು ವಾಸಿಯಾದ ಬಗ್ಗೆ ವರದಿ ಸಲ್ಲಿಸಲು.
4. ಗುಮಾಸ್ತರಿಗೆ, ಹೊಸ ಪೆನ್ನಿಗೆ ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಲು.
5. ಗಂಟಲು ವೈದ್ಯರಿಗೆ, ಎಂಟು ದಿನಗಳ ಮೌನವನ್ನು ವರ್ಷಾಂತ್ಯದವರೆಗೆ ವಿಸ್ತರಿಸುವಂತೆ ಕಾರ್ಯಾಲಯದ ಸಿಬ್ಬಂದಿಯೆಲ್ಲ ಸಹಿ ಮಾಡಿರುವ ಮನವಿಯನ್ನು ಲಗತ್ತಿಸಿ.